ಊರಿಗಿಂತ ದೊಡ್ಡ ಮೈದಾನ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಟ್ಟನಡುವೆ, ಗುಡ್ಡಸಾಲುಗಳ ನಡುವಿನ ಕಣಿವೆಯಲ್ಲಿ ಸ್ಟೇಟ್ ಕಾಲೇಜ್ ಎಂಬ ಊರಿದೆ. ಕಾಲೇಜಿನ ಸುತ್ತ ಬೆಳೆದು, ಕಾಲೇಜಿನ ಹೆಸರನ್ನೇ ಇಟ್ಟುಕೊಂಡ ಊರು. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕವರು 40 ಸಾವಿರದ ಚಿಲ್ಲರೆ ಜನ. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರ ಎಂದುಕೊಳ್ಳಿ. ಆ ಊರಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀವರ್ ಸ್ಟೇಡಿಯಂನಲ್ಲಿ ಕೂರಬಹುದಾದವರ ಸಂಖ್ಯೆ 1 ಲಕ್ಷ 6 ಸಾವಿರಕ್ಕೂ ಹೆಚ್ಚು. ತೊಟ್ಟಿಲ ಕೂಸಿನಿಂದ ಹಣ್ಣುಮುದುಕರವರೆಗೆ ಇಡೀ ಊರನ್ನು ಒಳಗೆ ಕೂರಿಸಿದರೂ ಇನ್ನೂ 65 ಸಾವಿರ ಜನರಿಗೆ ಜಾಗ ಉಳಿಯುತ್ತದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಎರಡೂವರೆ ಪಟ್ಟಿಗೂ ಹೆಚ್ಚು. ವರ್ಷದಲ್ಲಿ ಆರೇಳು ಶನಿವಾರ ಮಾತ್ರ ಅದು ತುಂಬುತ್ತದೆ. ನಾಲ್ಕು ದಿಕ್ಕಿನಿಂದ ಕಾರುಗಳು ಬೆಳಗಿನಿಂದಲೇ ಕಣಿವೆಗೆ ಇಳಿಯುತ್ತವೆ, ಸಂಜೆಯ ಹೊತ್ತಿಗೆ ಊರು ಮತ್ತೆ ಹಳೆಯ ಅಳತೆಗೆ ಬರುತ್ತದೆ. ತೇರು ಎಳೆದ ಮಾರನೆಯ ದಿನದ ಜಾತ್ರೆ ಬಯಲನ್ನು ಕಂಡವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಅಲ್ಲಿ ಆಡುವವರು ವಿದ್ಯಾರ್ಥಿಗಳು. ಆಟ ಅಮೆರಿಕನ್ ಫುಟ್‌ಬಾಲ್. ಹೆಸರಿನಲ್ಲಿ ಕಾಲು ಇದ್ದರೂ ಮೊಟ್ಟೆಯಾಕಾರದ ಚೆಂಡನ್ನು ಬಹುತೇಕ ಕೈಯಲ್ಲೇ ಹಿಡಿದು ಓಡುವ, ಎಸೆಯುವ, ಮೈಗೆ ಮೈ ಡಿಕ್ಕಿ ಹೊಡೆಸುವ ಆಟ. ಲಕ್ಷಕ್ಕಿಂತ ಹೆಚ್ಚು ಜನ ಹಿಡಿಯುವ ಇಂಥ ಮೈದಾನಗಳು ಆ ದೇಶದಲ್ಲಿ ಎಂಟು ಇವೆ. ಮಿಷಿಗನ್, ಪೆನ್ ಸ್ಟೇಟ್, ಒಹಾಯೊ ಸ್ಟೇಟ್, ಟೆಕ್ಸಸ್ ಎ ಅಂಡ್ ಎಂ, ಲೂಯಿಸಿಯಾನಾ ಸ್ಟೇಟ್, ಟೆನೆಸೀ, ಟೆಕ್ಸಸ್, ಅಲಬಾಮಾ. ಎಂಟೂ ವಿಶ್ವವಿದ್ಯಾಲಯಗಳ ಮೈದಾನಗಳೇ. ಎಂಟನ್ನೂ ಕೂಡಿಸಿದರೆ ಆಸನಗಳು 8 ಲಕ್ಷ ದಾಟುತ್ತವೆ. ಅವುಗಳಲ್ಲಿ ದೊಡ್ಡದು ಆನ್ ಆರ್ಬರ್ ಎಂಬ ಊರಿನ ಮಿಷಿಗನ್ ಸ್ಟೇಡಿಯಂ. 1927ರಲ್ಲಿ ತೆರೆದದ್ದು, ಈಗಿನ ಲೆಕ್ಕ 1,07,601. ಕೊನೆಯಲ್ಲಿ ಉಳಿದ ಆ ಒಂದು ಆಸನ ಹಿಂದಿನ ತರಬೇತುದಾರ ಹಾಗೂ ಕ್ರೀಡಾ ನಿರ್ದೇಶಕ ಫ್ರಿಟ್ಜ್ ಕ್ರೈಸ್ಲರ್ ಅವರ ಗೌರವಕ್ಕೆ. ಅದು ಎಲ್ಲಿದೆ ಎಂಬುದನ್ನು ಯಾರಿಗೂ ಹೇಳುವುದಿಲ್ಲ. ಲಕ್ಷದ ಲೆಕ್ಕದಲ್ಲೂ ಒಬ್ಬ ಮನುಷ್ಯನಿಗಾಗಿ ಒಂದು ಜಾಗ ತೆಗೆದಿಟ್ಟಿದ್ದಾರಲ್ಲ, ಅದು ನನಗೆ ತುಂಬ ಹಿಡಿಸಿತು. 2013ರ ಸೆಪ್ಟೆಂಬರ್ 7ರಂದು ಅದೇ ಮೈದಾನದೊಳಗೆ 1,15,109 ಜನ ನೆರೆದಿದ್ದರು.

ಇದು ಕಾಲೇಜಿಗೆ ನಿಲ್ಲುವುದಿಲ್ಲ. ಟೆಕ್ಸಸ್ ರಾಜ್ಯದ ಆ್ಯಲನ್ ಎಂಬ ಊರಿನ ಹೈಸ್ಕೂಲೊಂದು 2012ರಲ್ಲಿ 6 ಕೋಟಿ ಡಾಲರ್ ಸುರಿದು 18,000 ಆಸನಗಳ ಮೈದಾನ ಕಟ್ಟಿಸಿತು. ಹೈಸ್ಕೂಲು! ಹದಿನಾರು ಹದಿನೇಳು ವಯಸ್ಸಿನ ಹುಡುಗರು ಆಡುವುದಕ್ಕೆ. ವಾರದ ದಿನಗಳನ್ನೂ ಹಂಚಿಕೊಂಡಿದ್ದಾರೆ: ಶುಕ್ರವಾರ ರಾತ್ರಿ ಹೈಸ್ಕೂಲು, ಶನಿವಾರ ಕಾಲೇಜು, ಭಾನುವಾರ ವೃತ್ತಿಪರರು. ಇದು ಬರೀ ರೂಢಿಯೂ ಅಲ್ಲ. 1961ರ ಒಂದು ಕಾನೂನು ವೃತ್ತಿಪರ ತಂಡಗಳಿಗೆ ಟಿ.ವಿ. ಹಕ್ಕನ್ನು ಒಟ್ಟಾಗಿ ಮಾರುವ ವಿನಾಯಿತಿ ಕೊಟ್ಟಿತು. ಆದರೆ ಕಾಲೇಜು ಪಂದ್ಯಗಳ ಋತುವಿನಲ್ಲಿ ಶುಕ್ರವಾರ ರಾತ್ರಿಗೂ ಶನಿವಾರಕ್ಕೂ ಆ ವಿನಾಯಿತಿ ಇಲ್ಲ ಎಂದು ಗೆರೆ ಎಳೆಯಿತು; 1966ರ ತಿದ್ದುಪಡಿ ಹೈಸ್ಕೂಲು ಪಂದ್ಯಗಳನ್ನೂ ಆ ಗೆರೆಯೊಳಗೆ ತಂದಿತು. ಹಳ್ಳಿಯ ಹೈಸ್ಕೂಲಿನ ಪಂದ್ಯಕ್ಕೆ ಜನ ಬರುವುದು ತಪ್ಪಬಾರದು ಎಂದು ದೇಶದ ಸಂಸತ್ತು ಯೋಚಿಸಿತ್ತು.

ಈ ಗಾತ್ರ ಒಂದೇ ದಿನಕ್ಕೆ ಬಂದದ್ದಲ್ಲ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ನಡೆದಾಗ ನೋಡಲು ಬಂದವರು ಸುಮಾರು ನೂರು ಜನ. ಒಂದೊಂದು ಕಡೆಗೆ 25 ಆಟಗಾರರು. ಅಂದರೆ ಇಬ್ಬರು ಪ್ರೇಕ್ಷಕರಿಗೆ ಒಬ್ಬ ಆಟಗಾರ. ರಟ್ಗರ್ಸ್ 6-4ರಿಂದ ಗೆದ್ದಿತು. ಮುಂದಿನ ಮೂರೂವರೆ ದಶಕಗಳಲ್ಲಿ ಆಟ ಬೆಳೆದಂತೆ ಅದರ ಕ್ರೌರ್ಯವೂ ಬೆಳೆಯಿತು. ತಲೆಗೆ ಸರಿಯಾದ ರಕ್ಷಣೆ ಇಲ್ಲದ ಹುಡುಗರು ತೋಳಿಗೆ ತೋಳು ಬೆಸೆದು ಗೋಡೆಯಂತೆ ನುಗ್ಗುತ್ತಿದ್ದರು. 1905ರ ಒಂದೇ ಋತುವಿನಲ್ಲಿ ಸತ್ತವರು 18 ಮಂದಿ ಎಂದು ‘ಷಿಕಾಗೊ ಟ್ರಿಬ್ಯೂನ್’ ಎಣಿಸಿ ಬರೆಯಿತು. ಆಟವನ್ನೇ ನಿಷೇಧಿಸಿ ಎಂಬ ಕೂಗೆದ್ದಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ಅಕ್ಟೋಬರ್‌ನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. ಅವರ ಮಗನೇ ಹಾರ್ವರ್ಡ್‌ನಲ್ಲಿ ಆಡುತ್ತಿದ್ದ. ಮರುವರ್ಷ ನಿಯಮ ಬದಲಾಯಿತು, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಇವತ್ತು ಕೋಟಿಗಟ್ಟಲೆ ಜನ ಉಸಿರು ಬಿಗಿಹಿಡಿದು ನೋಡುವ ಆ ಉದ್ದನೆಯ ಎಸೆತ ಹುಟ್ಟಿದ್ದು ಹದಿನೆಂಟು ಹೆಣಗಳ ಮೇಲೆ.

ಸಾವುಗಳನ್ನು ಅಂದು ಕಣ್ಣಾರೆ ಎಣಿಸಬಹುದಿತ್ತು. ಮಿದುಳಿನೊಳಗಿನ ಪೆಟ್ಟನ್ನು ಎಣಿಸಲು ಇನ್ನೊಂದು ಶತಮಾನ ಬೇಕಾಯಿತು. ವೃತ್ತಿಪರ ಫುಟ್‌ಬಾಲ್ ಆಡಿ ತೀರಿಕೊಂಡ 111 ಆಟಗಾರರ ಮಿದುಳುಗಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ವೈದ್ಯ ವಿಜ್ಞಾನಿಗಳು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಮಿದುಳು ಸವೆಯುವ ಕಾಯಿಲೆಯ ಗುರುತು 110ರಲ್ಲಿ ಕಂಡಿತು. ಮಿದುಳನ್ನು ದಾನ ಮಾಡಿದವರು ಹೆಚ್ಚಾಗಿ ಮೊದಲೇ ಅನುಮಾನವಿದ್ದ ಕುಟುಂಬಗಳು, ಆದ್ದರಿಂದ ಎಲ್ಲ ಆಟಗಾರರಿಗೂ ಈ ಪ್ರಮಾಣ ಅನ್ವಯಿಸದು ಎಂದು ಆ ವಿಜ್ಞಾನಿಗಳೇ ಎಚ್ಚರಿಸಿದ್ದಾರೆ. ಆ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೂ ನೋಡಿ: 111ರಲ್ಲಿ 110.

ವೃತ್ತಿಪರ ಲೀಗ್ ಹುಟ್ಟಿದ್ದು 1920ರ ಸೆಪ್ಟೆಂಬರ್ 17ರಂದು, ಒಹಾಯೊದ ಕ್ಯಾಂಟನ್ ಊರಿನ ಒಂದು ಕಾರು ಮಾರುವ ಅಂಗಡಿಯಲ್ಲಿ. ಸೇರುವ ತಂಡಕ್ಕೆ ಶುಲ್ಕ 100 ಡಾಲರ್ ಎಂದು ನಿಗದಿಯಾಯಿತು. ಅದೇ ಲೀಗ್, ಇಂದಿನ ಎನ್‌ಎಫ್‌ಎಲ್, 2021ರಲ್ಲಿ ಟಿ.ವಿ. ವಾಹಿನಿಗಳೊಂದಿಗೆ ಮಾಡಿಕೊಂಡ ಒಪ್ಪಂದ 11 ವರ್ಷಗಳಿಗೆ ಸುಮಾರು 11,000 ಕೋಟಿ ಡಾಲರ್. ಅದರ ಅಂತಿಮ ಪಂದ್ಯವಾದ ಸೂಪರ್ ಬೌಲ್ 1967ರ ಜನವರಿ 15ರಂದು ಲಾಸ್ ಏಂಜಲೀಸ್‌ನಲ್ಲಿ ಮೊದಲ ಸಲ ನಡೆದಾಗ ಮೈದಾನದ ಸುಮಾರು ಮೂರನೇ ಒಂದು ಪಾಲು ಖಾಲಿ ಇತ್ತು. ದುಬಾರಿ ಟಿಕೆಟ್ಟಿನ ಬೆಲೆ 12 ಡಾಲರ್. ಎರಡು ವಾಹಿನಿಗಳು ಏಕಕಾಲಕ್ಕೆ ಪ್ರಸಾರ ಮಾಡಿದವು, ಆದರೆ ಇಡೀ ಪಂದ್ಯದ ಟೇಪನ್ನು ಜೋಪಾನ ಮಾಡಬೇಕೆಂದು ಎರಡಕ್ಕೂ ಅನ್ನಿಸಲಿಲ್ಲ. 2025ರಲ್ಲಿ ಅದೇ ಪಂದ್ಯವನ್ನು ಅಮೆರಿಕದಲ್ಲಿ ಸರಾಸರಿ 12.77 ಕೋಟಿ ಜನ ನೋಡಿದರು. 2011ರ ಜನಗಣತಿಯ ಕರ್ನಾಟಕ ಎರಡು ಸಲ ಕೂತು ನೋಡಿದಂತೆ. 30 ಸೆಕೆಂಡಿನ ಜಾಹೀರಾತಿಗೆ 80 ಲಕ್ಷ ಡಾಲರ್‌ವರೆಗೆ ಕೊಟ್ಟವರಿದ್ದಾರೆ. ಒಮ್ಮೆ ರೆಪ್ಪೆ ಬಡಿದು ತೆಗೆಯುವ ಒಂದು ಸೆಕೆಂಡಿಗೆ ಎರಡೂವರೆ ಲಕ್ಷ ಡಾಲರ್ ಮೀರುತ್ತದೆ. ಆ ವಾರಾಂತ್ಯಕ್ಕೆ ಅಮೆರಿಕನ್ನರು ತಿನ್ನುವ ಕೋಳಿ ರೆಕ್ಕೆಗಳು 140 ಕೋಟಿಗೂ ಹೆಚ್ಚು ಎಂದು ಅಲ್ಲಿನ ಕೋಳಿ ಉದ್ಯಮದ ಅಂದಾಜು. ಭಾರತದ ಪ್ರತಿಯೊಬ್ಬರ ಕೈಗೂ ಹೆಚ್ಚುಕಡಿಮೆ ಒಂದೊಂದು ಇಡಬಹುದು.

ಇಷ್ಟೆಲ್ಲ ಯಾವುದಕ್ಕೆ? ಮೂರು ಗಂಟೆಗೂ ಮೀರಿ ನಡೆಯುವ ಒಂದು ಎನ್‌ಎಫ್‌ಎಲ್ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವ ಹೊತ್ತನ್ನು ‘ವಾಲ್ ಸ್ಟ್ರೀಟ್ ಜರ್ನಲ್’ 2010ರಲ್ಲಿ ಗಡಿಯಾರ ಹಿಡಿದು ಅಳೆಯಿತು. ಸುಮಾರು 11 ನಿಮಿಷ. ಮಿಕ್ಕದ್ದೆಲ್ಲ ಗುಂಪುಗೂಡುವುದು, ಸಾಲು ನಿಲ್ಲುವುದು, ಮರುಪ್ರಸಾರ, ಜಾಹೀರಾತು. ಈ 11 ನಿಮಿಷವೇ ಆ ದೇಶವನ್ನು ಒಂದು ಪರದೆಯ ಮುಂದೆ ಕೂರಿಸುವ ಕೊನೆಯ ಸಂಗತಿಯಾಗಿ ಉಳಿದಿದೆ. 2023ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ 100 ಟಿ.ವಿ. ಪ್ರಸಾರಗಳ ಪಟ್ಟಿ ತೆಗೆದರೆ 93 ಇದೇ ಲೀಗಿನ ಪಂದ್ಯಗಳು.

ಹಣದ ಈ ಹೊಳೆಯ ನಡುವೆ ಗ್ರೀನ್ ಬೇ ಎಂಬ ಊರು ದ್ವೀಪದಂತೆ ನಿಂತಿದೆ. ವಿಸ್ಕಾನ್ಸಿನ್ ರಾಜ್ಯದ ಈ ಊರಿನ ಜನ 1 ಲಕ್ಷ 7 ಸಾವಿರ. 1919ರಲ್ಲಿ ಅಲ್ಲಿನ ಮಾಂಸದ ಕಾರ್ಖಾನೆಯೊಂದು ಸಮವಸ್ತ್ರಕ್ಕೆಂದು 500 ಡಾಲರ್ ಕೊಟ್ಟು ಹುಟ್ಟಿಸಿದ ಪ್ಯಾಕರ್ಸ್ ಎಂಬ ಎನ್‌ಎಫ್‌ಎಲ್ ತಂಡಕ್ಕೆ ಒಬ್ಬ ಧಣಿ ಇಲ್ಲ. ಷೇರುದಾರರು 5 ಲಕ್ಷ 38 ಸಾವಿರಕ್ಕೂ ಹೆಚ್ಚು. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಪೇಟೆಯಲ್ಲಿ ಮಾರುವಂತಿಲ್ಲ, ಟಿಕೆಟ್ಟಿನಲ್ಲಿ ಆದ್ಯತೆಯೂ ಸಿಗುವುದಿಲ್ಲ. ಆದರೂ ಕೊಳ್ಳುತ್ತಾರೆ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಇಡೀ ಋತುವಿನ ಟಿಕೆಟ್ಟಿಗಾಗಿ ಕಾದು ನಿಂತವರ ಪಟ್ಟಿ 1 ಲಕ್ಷ 40 ಸಾವಿರ ದಾಟಿದೆ. ಮೈದಾನ ಊರಿಗಿಂತ ದೊಡ್ಡದಾದ ಊರುಗಳಿವೆ; ಇಲ್ಲಿ ಸರತಿಯ ಸಾಲೇ ಊರಿಗಿಂತ ದೊಡ್ಡದು. ಮಗು ಹುಟ್ಟಿದ ಕೂಡಲೇ ಹೆಸರು ಬರೆಸುವವರಿದ್ದಾರೆ.

ನಮಗೆ, ಕ್ರಿಕೆಟ್ಟಿನ ನೆರಳಲ್ಲೇ ಬೆಳೆದವರಿಗೆ, ಬೇಸ್‌ಬಾಲಿನ ಕಥೆ ಇನ್ನೂ ಹತ್ತಿರದ್ದು. ಜಗತ್ತಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ಎಲ್ಲಿ ನಡೆಯಿತು ಎಂದು ಕೇಳಿದರೆ ನಾವೆಲ್ಲ ಇಂಗ್ಲೆಂಡ್, ಆಸ್ಟ್ರೇಲಿಯಾ ಎನ್ನುತ್ತೇವೆ. ಅದು ನಡೆದದ್ದು ನ್ಯೂಯಾರ್ಕಿನಲ್ಲಿ, 1844ರ ಸೆಪ್ಟೆಂಬರ್‌ನಲ್ಲಿ. ಅಮೆರಿಕ ಮತ್ತು ಕೆನಡಾ ಆಡಿದವು, ಕೆನಡಾ 23 ರನ್‌ಗಳಿಂದ ಗೆದ್ದಿತು. ಮೊದಲ ಟೆಸ್ಟ್ ಪಂದ್ಯಕ್ಕೆ ಇನ್ನೂ 33 ವರ್ಷ ಬಾಕಿ ಇತ್ತು. ಮರುವರ್ಷವೇ ಅದೇ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ ಬೇಸ್‌ಬಾಲಿಗೆ ಬರಹದ ನಿಯಮಗಳನ್ನು ಕೊಟ್ಟಿತು. ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ಬಿಡಾರದಿಂದ ಬಿಡಾರಕ್ಕೆ ಆ ಆಟ ಹಬ್ಬಿತು. ಅದಕ್ಕೆ ರೋಲರ್ ಹೊಡೆದ ಪಿಚ್ ಬೇಡ, ಬಯಲೊಂದಿದ್ದರೆ ಸಾಕು. ಕ್ರಿಕೆಟ್ ಮೆಲ್ಲಗೆ ಮೂಲೆಗೆ ಸರಿಯಿತು. ಆದರೆ ಬಿಟ್ಟುಹೋಗುವಾಗ ಎರಡು ಬಳುವಳಿ ಕೊಟ್ಟೇ ಹೋಯಿತು. ಒಬ್ಬರು ಹ್ಯಾರಿ ರೈಟ್, ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರಿಕೆಟಿಗ. ಸಂಬಳ ಕೊಟ್ಟು ಆಡಿಸುವ ಮೊದಲ ಬಹಿರಂಗ ವೃತ್ತಿಪರ ತಂಡವನ್ನು 1869ರಲ್ಲಿ ಸಿನ್ಸಿನಾಟಿಯಲ್ಲಿ ಕಟ್ಟಿದವರು. ಇಡೀ ತಂಡದ ಒಂದು ಋತುವಿನ ಸಂಬಳ 9,300 ಡಾಲರ್. ಅದೇ ಆಟದ ಇಂದಿನ ತಾರೆ, ಜಪಾನಿನ ಶೊಹೆಯ್ ಒಟಾನಿ ಒಬ್ಬರೇ 2023ರ ಡಿಸೆಂಬರ್‌ನಲ್ಲಿ ಸಹಿ ಹಾಕಿದ ಹತ್ತು ವರ್ಷಗಳ ಒಪ್ಪಂದ 70 ಕೋಟಿ ಡಾಲರ್. ಇನ್ನೊಬ್ಬರು ಹೆನ್ರಿ ಚಾಡ್ವಿಕ್, ಇಂಗ್ಲೆಂಡಿನಿಂದ ಬಂದ ಕ್ರಿಕೆಟ್ ವರದಿಗಾರ. ಕ್ರಿಕೆಟ್ಟಿನ ಸ್ಕೋರುಪಟ್ಟಿ ನೋಡಿ ಬೆಳೆದ ಆತ ಬೇಸ್‌ಬಾಲಿಗೂ ಒಂದು ಅಂಕಪಟ್ಟಿ ರೂಪಿಸಿದರು: ಯಾರು ಎಷ್ಟು ಹೊಡೆದರು, ಯಾರು ಎಷ್ಟು ಬಿಟ್ಟರು, ಎಲ್ಲವೂ ಒಂದು ಪುಟ್ಟ ಚೌಕದೊಳಗೆ.

ಅಲ್ಲಿಂದ ಆ ದೇಶಕ್ಕೆ ಎಣಿಕೆಯ ಹುಚ್ಚು ಹಿಡಿಯಿತು ಎಂದೇ ನನ್ನ ಭಾವನೆ. ಇಂದು ಬೇಸ್‌ಬಾಲಿನ ಮೇಲಿನ ಹಂತವಾದ ಮೇಜರ್ ಲೀಗಿನಲ್ಲಿ 30 ತಂಡಗಳು ತಲಾ 162 ಪಂದ್ಯ ಆಡುತ್ತವೆ. ಒಟ್ಟು 2,430 ಪಂದ್ಯ, ಆರು ತಿಂಗಳು, ಬಹುತೇಕ ಪ್ರತಿದಿನ. ಮೈದಾನಕ್ಕೆ ಬಂದು ನೋಡಿದವರು 2024ರಲ್ಲಿ 7 ಕೋಟಿ ದಾಟಿದರು. ಒಂದು ಋತುವಿಗೆ ಸುಮಾರು 7 ಲಕ್ಷ ಎಸೆತ. ಪ್ರತಿಯೊಂದರ ವೇಗ, ತಿರುವು, ಬಿದ್ದ ಜಾಗ ದಾಖಲಾಗುತ್ತದೆ. ವೇಗದ ಎಸೆತವೊಂದು ಬ್ಯಾಟಿನವನನ್ನು ಮುಟ್ಟಲು ತೆಗೆದುಕೊಳ್ಳುವ ಕಾಲ ಅರ್ಧ ಸೆಕೆಂಡಿಗಿಂತ ಕಡಿಮೆ. ಆ ಚೆಂಡುಗಳ ಹೊಲಿಗೆ ಮಾತ್ರ ಇಂದಿಗೂ ಕೈಕೆಲಸ: ಕೋಸ್ಟರಿಕಾದ ಟುರಿಯಾಲ್ಬಾ ಊರಿನ ಕೆಲಸಗಾರರು ಒಂದೊಂದಕ್ಕೂ 108 ಜೋಡಿ ಹೊಲಿಗೆ ಹಾಕುತ್ತಾರೆ. ಜಪಮಾಲೆಯ ಮಣಿಗಳಷ್ಟೇ. ಹೊಸ ಚೆಂಡು ಜಾರದಿರಲೆಂದು ನ್ಯೂಜೆರ್ಸಿಯ ಹೊಳೆದಂಡೆಯೊಂದರಿಂದ ತಂದ ಕೆಸರನ್ನು ಪ್ರತಿ ಚೆಂಡಿಗೂ ಕೈಯಿಂದಲೇ ತಿಕ್ಕುತ್ತಾರೆ. ಆ ದಂಡೆ ಯಾವುದು ಎಂಬುದು ಹಲವು ದಶಕಗಳಿಂದ ಗುಟ್ಟು.

ದೊಡ್ಡ ಸಂಖ್ಯೆಗಳ ಈ ಆಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಖ್ಯೆ: 19. 1981ರ ಏಪ್ರಿಲ್ 18, ಈಸ್ಟರ್ ಹಬ್ಬದ ಹಿಂದಿನ ರಾತ್ರಿ. ರೋಡ್ ಐಲೆಂಡ್ ರಾಜ್ಯದ ಪಟಕೆಟ್ ಎಂಬ ಸಣ್ಣ ಕೈಗಾರಿಕಾ ಊರಿನಲ್ಲಿ ಕೆಳಹಂತದ ಎರಡು ತಂಡಗಳು ಆಡಲು ಇಳಿದವು. ಬೇಸ್‌ಬಾಲಿನಲ್ಲಿ ಡ್ರಾ ಇಲ್ಲ. 9 ಇನಿಂಗ್ಸಿಗೆ ಸಮವಾದರೆ ಒಬ್ಬರು ಗೆಲ್ಲುವ ತನಕ ಆಡಬೇಕು. ನಡುರಾತ್ರಿ ದಾಟಿತು, ಅಂಕ ಸಮ. 21ನೇ ಇನಿಂಗ್ಸಿನಲ್ಲಿ ಒಂದು ತಂಡ ಮುನ್ನಡೆಯಿತು, ಇನ್ನೊಂದು ಅದನ್ನು ಮತ್ತೆ ಸಮ ಮಾಡಿತು. ಇಂಥ ಹೊತ್ತಿಗೆ ಆಟ ನಿಲ್ಲಿಸಬೇಕೆಂಬ ನಿಯಮ ಆ ವರ್ಷ ಅಂಪೈರುಗಳ ಕೈಗೆ ಬಂದ ಪುಸ್ತಕದಲ್ಲಿ ಬಿಟ್ಟುಹೋಗಿತ್ತು. ಕೊರೆಯುವ ಗಾಳಿ. ಆಟಗಾರರು ಮುರಿದ ಬ್ಯಾಟುಗಳನ್ನು ಡಬ್ಬಿಯಲ್ಲಿ ಹಾಕಿ ಬೆಂಕಿ ಕಾಯಿಸಿಕೊಂಡರು. ಕೊನೆಗೆ ಲೀಗಿನ ಅಧ್ಯಕ್ಷರನ್ನು ಫೋನಿನಲ್ಲಿ ಹಿಡಿದು, ಬೆಳಗಿನ 4 ಗಂಟೆ 7 ನಿಮಿಷಕ್ಕೆ, 32 ಇನಿಂಗ್ಸ್ ಮುಗಿದಾಗ ಆಟ ನಿಲ್ಲಿಸಿದರು. ಆರಂಭದಲ್ಲಿ 1,740 ಜನ ಇದ್ದ ಮೈದಾನದಲ್ಲಿ ಆಗ ಉಳಿದಿದ್ದವರು 19. ತಂಡ ಅವರೆಲ್ಲರಿಗೂ ಪಾಸ್ ಕೊಟ್ಟಿತು. ಜೂನ್ 23ರಂದು ಪಂದ್ಯ ಮುಂದುವರಿದಾಗ 33ನೇ ಇನಿಂಗ್ಸಿನಲ್ಲಿ, 18 ನಿಮಿಷಕ್ಕೆ ಎಲ್ಲ ಮುಗಿಯಿತು: ಪಟಕೆಟ್ 3, ರಾಚೆಸ್ಟರ್ 2. ಸೋತ ತಂಡದಲ್ಲಿ ಆ ರಾತ್ರಿಯಿಡೀ ನಿಂತು ಆಡಿದ 20ರ ಹುಡುಗನ ಹೆಸರು ಕ್ಯಾಲ್ ರಿಪ್‌ಕೆನ್. ಮರುವರ್ಷದ ಮೇ 30ರಿಂದ 1998ರ ಸೆಪ್ಟೆಂಬರ್ ತನಕ ಆತ ಮೇಲಿನ ಹಂತದಲ್ಲಿ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಬೆನ್ನುಬೆನ್ನಿಗೆ 2,632 ಪಂದ್ಯ.

ಎಣಿಸುವ ದೇಶ ಯಾರನ್ನು ಎಣಿಸಲಿಲ್ಲ ಎಂಬುದನ್ನೂ ನೋಡಬೇಕು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡಕ್ಕೆ ಇಳಿಯುವವರೆಗೆ, ಆರು ದಶಕಗಳ ಕಾಲ, ಕಪ್ಪು ಜನರಿಗೆ ಮೇಜರ್ ಲೀಗಿನ ಬಾಗಿಲು ಮುಚ್ಚಿತ್ತು. ಅವರು ತಮ್ಮದೇ ಲೀಗುಗಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಊರೂರು ತಿರುಗಿ ಆಡಿದರು. ಆ ಲೀಗುಗಳ ದೈತ್ಯ ಹೊಡೆತಗಾರ ಜಾಷ್ ಗಿಬ್ಸನ್. ರಾಬಿನ್‌ಸನ್ ಮೈದಾನಕ್ಕಿಳಿಯಲು ಮೂರು ತಿಂಗಳಿದ್ದಾಗ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಪಿಟ್ಸ್‌ಬರ್ಗ್‌ನ ಅವರ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 1975ರಲ್ಲಿ. ಅಂಕಿಗಳ ಗತಿಯೂ ಅದೇ. ಆ ಪಂದ್ಯಗಳ ವಿವರ ಕಪ್ಪು ಜನರ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಚದುರಿ ಹೋಗಿತ್ತು. ಇತಿಹಾಸಕಾರರು ವರ್ಷಗಟ್ಟಲೆ ಕೂತು ಒಂದೊಂದೇ ಅಂಕಪಟ್ಟಿ ಹೆಕ್ಕಿದರು. 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ 1920ರಿಂದ 1948ರವರೆಗಿನ ಆ ಲೀಗುಗಳ 2,300ಕ್ಕೂ ಹೆಚ್ಚು ಆಟಗಾರರ ಲೆಕ್ಕವನ್ನು ತನ್ನ ಪುಸ್ತಕಕ್ಕೆ ಸೇರಿಸಿತು. ಸುಮಾರು ಒಂದು ಶತಮಾನದಿಂದ ಸರಾಸರಿಯ ಪಟ್ಟಿಯ ತುದಿಯಲ್ಲಿದ್ದ ಟೈ ಕಾಬ್ .367ರಲ್ಲಿ ಎರಡನೆಯವರಾದರು. ಮೇಲೆ ಗಿಬ್ಸನ್, .372. ಸತ್ತು 77 ವರ್ಷಗಳ ಮೇಲೆ ಒಬ್ಬ ಮನುಷ್ಯ ಮೊದಲ ಸ್ಥಾನಕ್ಕೇರಿದ್ದು ಬರೀ ಕೂಡುವ, ಭಾಗಿಸುವ ಲೆಕ್ಕದಿಂದ.

ಬಾಗಿಲು ತೆರೆದ ಮೇಲೂ ಒಳಗೆ ನಿಲ್ಲುವುದು ಸುಲಭವಿರಲಿಲ್ಲ. 1973ರಲ್ಲಿ ಹ್ಯಾಂಕ್ ಆ್ಯರನ್ ಹಿಂದಿನ ಪೀಳಿಗೆಯ ಆಟಗಾರ ಬೇಬ್ ರೂತ್‌ನ 714 ಹೋಮ್ ರನ್‌ಗಳ (ನಮ್ಮ ಸಿಕ್ಸರ್‌ನಂಥ ಹೊಡೆತಗಳ) ದಾಖಲೆಯ ಹತ್ತಿರ ಬಂದಾಗ ಅವರ ವಿಳಾಸಕ್ಕೆ ಆ ಒಂದು ವರ್ಷದಲ್ಲಿ ಬಂದ ಕಾಗದಗಳು ಸುಮಾರು 9 ಲಕ್ಷ 30 ಸಾವಿರ. ರಾಜಕಾರಣಿಯಲ್ಲದ ಯಾರಿಗೂ ಅಷ್ಟು ಟಪಾಲು ಬಂದಿರಲಿಲ್ಲವೆಂದು ಅಂಚೆ ಇಲಾಖೆ ಅವರಿಗೆ ಫಲಕ ಕೊಟ್ಟಿತು. ಬಿಳಿಯನ ದಾಖಲೆಯನ್ನು ಕಪ್ಪು ಮನುಷ್ಯ ಮುರಿಯಕೂಡದೆಂದು ಬೈದು ಬರೆದವರು, ಕೊಲ್ಲುವುದಾಗಿ ಬರೆದವರು ಅದರಲ್ಲಿ ಬಹಳ ಮಂದಿ. 1974ರ ಏಪ್ರಿಲ್ 8ರ ರಾತ್ರಿ ಅಟ್ಲಾಂಟಾದಲ್ಲಿ 53,775 ಜನರೆದುರು ಆ್ಯರನ್ 715ನೆಯದನ್ನು ಹೊಡೆದರು, 755ರವರೆಗೆ ಹೋದರು. ಆ ಕಾಗದಗಳಲ್ಲಿ ಹಲವನ್ನು ಎಸೆಯದೆ ಇಟ್ಟುಕೊಂಡಿದ್ದರು.

ಇದೆಲ್ಲಕ್ಕೆ ಹೋಲಿಸಿದರೆ ಬಾಸ್ಕೆಟ್‌ಬಾಲ್ ಹುಟ್ಟಿದ್ದು ಒಂದು ಕೋಣೆಯಲ್ಲಿ, ಒಬ್ಬ ಮೇಷ್ಟ್ರ ತಲೆಯಲ್ಲಿ. 1891ರ ಡಿಸೆಂಬರ್, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್. ಹಿಮ ಬಿದ್ದು ಹೊರಗೆ ಆಡಲಾಗದೆ ವೈಎಂಸಿಎ ತರಬೇತಿ ಶಾಲೆಯ 18 ವಿದ್ಯಾರ್ಥಿಗಳು ತಾಳ್ಮೆಗೆಟ್ಟಿದ್ದರು. ಕೆನಡಾದಿಂದ ಬಂದ ಮೇಷ್ಟ್ರು ಜೇಮ್ಸ್ ನೈಸ್ಮಿತ್‌ಗೆ ಎರಡು ವಾರದೊಳಗೆ ಒಂದು ಒಳಾಂಗಣ ಆಟ ಹುಡುಕು ಎಂಬ ಅಪ್ಪಣೆಯಾಯಿತು. ಅವರು 13 ನಿಯಮ ಬರೆದರು, ಜವಾನ ಹುಡುಕಿ ತಂದ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಮೇಲಂಕಣದ ಕಟಕಟೆಗೆ ಮೊಳೆ ಹೊಡೆದರು. ಕಟಕಟೆಯ ಎತ್ತರ 10 ಅಡಿ ಇತ್ತು. ಇವತ್ತಿಗೂ ಜಗತ್ತಿನ ಎಲ್ಲ ಬಾಸ್ಕೆಟ್‌ಬಾಲ್ ಅಂಕಣಗಳಲ್ಲಿ ಬಳೆ ಇರುವುದು 10 ಅಡಿಗೆ. ಮೊದಲ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಚೆಂಡು. ಆ ನಿಯಮಗಳ ಎರಡು ಟೈಪ್ ಹಾಳೆಗಳು 2010ರಲ್ಲಿ 43 ಲಕ್ಷ ಡಾಲರ್‌ಗೆ ಹರಾಜಾದವು. ವೃತ್ತಿಪರ ಲೀಗ್ 2024ರಲ್ಲಿ ಮಾಡಿಕೊಂಡ 11 ವರ್ಷದ ಪ್ರಸಾರ ಒಪ್ಪಂದ ಸುಮಾರು 7,600 ಕೋಟಿ ಡಾಲರ್.

ಕಾಲೇಜು ಬಾಸ್ಕೆಟ್‌ಬಾಲಿಗೆ ಪ್ರತಿ ಮಾರ್ಚ್‌ನಲ್ಲಿ ಒಂದು ಸುಗ್ಗಿ. ಪ್ರಾಥಮಿಕ ಪಂದ್ಯಗಳನ್ನು ಬಿಟ್ಟರೆ 64 ತಂಡ, ಸೋತವರು ಮನೆಗೆ, 63 ಪಂದ್ಯಕ್ಕೆ ಒಬ್ಬರೇ ಉಳಿಯುತ್ತಾರೆ. ಯಾವ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆಂದು ಮೊದಲೇ ಬರೆದಿಡುವ ಆಟವನ್ನು ಕೋಟ್ಯಂತರ ಜನ ಆಡುತ್ತಾರೆ. ಚದುರಂಗದ 64 ಮನೆಗಳಿಗೆ ಒಂದು, ಎರಡು, ನಾಲ್ಕು, ಎಂಟು ಎಂದು ಕಾಳು ಕೇಳಿ ರಾಜನ ಕಣಜ ಬರಿದು ಮಾಡಿದ ಜಾಣನ ಕಥೆ ನಮಗೆ ಗೊತ್ತಲ್ಲ, ಇಲ್ಲಿರುವುದೂ ಅದೇ ಲೆಕ್ಕ. ಕೊನೆಯ ಮನೆಯಲ್ಲಿ ಬೀಳುವ ಕಾಳುಗಳೆಷ್ಟೋ ಈ ಪಟ್ಟಿಯನ್ನು ತುಂಬಬಹುದಾದ ಬಗೆಗಳೂ ಅಷ್ಟೇ: 92,233 ಕೋಟಿ ಕೋಟಿಗೂ ಹೆಚ್ಚು. 2019ರಲ್ಲಿ ಒಹಾಯೊದ ಒಬ್ಬರು ಮೊದಲ 49 ಪಂದ್ಯಗಳನ್ನು ಸರಿಯಾಗಿ ಹೇಳಿ ಐವತ್ತನೆಯದರಲ್ಲಿ ಎಡವಿದರು.

ಬುಟ್ಟಿಯ ಆಟ ಹುಟ್ಟಿದ ನಾಲ್ಕೇ ವರ್ಷಕ್ಕೆ, ಪಕ್ಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಇನ್ನೊಂದು ಆಟ ಕಟ್ಟಿದರು. ಬಾಸ್ಕೆಟ್‌ಬಾಲಿನ ಓಟ ತಾಳಲಾರದ ನಡುವಯಸ್ಸಿನ ವ್ಯಾಪಾರಸ್ಥರಿಗೆಂದು ಕಟ್ಟಿದ್ದು, ವಾಲಿಬಾಲ್. ವೈಎಂಸಿಎ ಜಾಲದಲ್ಲೇ ಅದು ಕಡಲು ದಾಟಿ ನಮ್ಮಲ್ಲಿಗೂ ಬಂತು; ಇವತ್ತು ಕರಾವಳಿ, ಮಲೆನಾಡಿನ ಊರುಗಳ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಆ ಹೋಲಿಯೋಕ್‌ನ ಕೋಣೆಯೇ ಮೂಲ. ಅದೇ ಆಟಕ್ಕೆ 2023ರ ಆಗಸ್ಟ್ 30ರಂದು ನೆಬ್ರಾಸ್ಕ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಮೈದಾನವನ್ನು ಬಿಟ್ಟುಕೊಟ್ಟಿತು. 1962ರಿಂದ ಒಂದು ಫುಟ್‌ಬಾಲ್ ಪಂದ್ಯಕ್ಕೂ ಟಿಕೆಟ್ ಉಳಿಯದ ಮೈದಾನ ಅದು. ಪಂದ್ಯದ ದಿನ ಆ ರಾಜ್ಯದ ಮೂರನೆಯ ದೊಡ್ಡ ಊರು. ವಿದ್ಯಾರ್ಥಿನಿಯರ ವಾಲಿಬಾಲ್ ನೋಡಲು ಬಂದವರು 92,003.

ಈ ಸಂಖ್ಯೆಯ ಹಿಂದೆ 37 ಇಂಗ್ಲಿಷ್ ಪದಗಳಿವೆ. 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಮಾಡಿದ ಶಿಕ್ಷಣ ಕಾನೂನಿನ ಒಂದು ಕಲಮು. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯಲ್ಲೂ ಗಂಡು ಹೆಣ್ಣೆಂಬ ಭೇದ ಸಲ್ಲದು ಎಂದಷ್ಟೇ ಅದರ ತಿರುಳು. ಆಟ ಎಂಬ ಮಾತೇ ಅದರಲ್ಲಿಲ್ಲ. ಆದರೆ ಆ ದೇಶದಲ್ಲಿ ಆಟ ಇರುವುದೇ ಶಾಲಾ ಕಾಲೇಜುಗಳ ಅಂಗಳದಲ್ಲಿ. ಶಾಲೆಗೆ ಅನ್ವಯಿಸಿದ್ದು ಮೈದಾನಕ್ಕೂ ಅನ್ವಯಿಸಿತು. 1971-72ರಲ್ಲಿ ಹೈಸ್ಕೂಲು ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು 2,94,015. ಹುಡುಗರು 36 ಲಕ್ಷ 66 ಸಾವಿರ. ಐವತ್ತು ವರ್ಷದ ಮೇಲೆ, 2023-24ರಲ್ಲಿ, ಹುಡುಗಿಯರು 34 ಲಕ್ಷ ದಾಟಿದ್ದರು. 27 ಹುಡುಗಿಯರಲ್ಲಿ ಒಬ್ಬಳು ಆಡುತ್ತಿದ್ದ ಕಾಲ ಹೋಗಿ ಐವರಲ್ಲಿ ಇಬ್ಬರು ಆಡುವ ಕಾಲ ಬಂದಿದೆ. 2024ರ ಏಪ್ರಿಲ್‌ನಲ್ಲಿ ಕಾಲೇಜು ಮಹಿಳೆಯರ ಬಾಸ್ಕೆಟ್‌ಬಾಲ್ ಫೈನಲನ್ನು ಸುಮಾರು 1.89 ಕೋಟಿ ಜನ ನೋಡಿದರು. ಮರುದಿನದ ಪುರುಷರ ಫೈನಲನ್ನು ನೋಡಿದವರು 1.48 ಕೋಟಿ. ಅಮೆರಿಕದ ಕ್ರೀಡೆಯ ಎಲ್ಲ ಸಂಖ್ಯೆಗಳಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಕೋಟಿ ಡಾಲರುಗಳದ್ದಲ್ಲ, ಆ 2,94,015ರಿಂದ 34 ಲಕ್ಷದವರೆಗಿನ ದೂರ.

ಆಟವನ್ನು ಶಾಲೆಯ ಅಂಗಳದಲ್ಲೇ ಬೆಳೆಸಿದ್ದರಿಂದ ಒಂದು ದೊಡ್ಡ ಅನ್ಯಾಯವೂ ಬೆಳೆಯಿತು. 50 ರಾಜ್ಯಗಳ ಪೈಕಿ ಸುಮಾರು 40ರಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರಲ್ಲ, ವಿಜ್ಞಾನಿಯಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಅವರಲ್ಲಿ ಕೆಲವರಿಗೆ ವರ್ಷಕ್ಕೆ ಕೋಟಿ ಡಾಲರ್ ಸಿಗುತ್ತದೆ. ಲಕ್ಷ ಜನರೆದುರು ಆಡುವ ಹುಡುಗನಿಗೆ ಫೀಸು, ಊಟ, ವಸತಿ ಸಿಗುತ್ತಿತ್ತು. ಸಂಬಳ ಮಾತ್ರ ನಿಷಿದ್ಧವಾಗಿತ್ತು. ತನ್ನ ಹೆಸರು ಬಳಸಿ ದುಡಿಯುವ ಹಕ್ಕು ಅವನಿಗೆ ಸಿಕ್ಕಿದ್ದು 2021ರ ಜುಲೈಯಲ್ಲಿ. ವಿಶ್ವವಿದ್ಯಾಲಯಗಳು ನೇರವಾಗಿ ಆಟಗಾರರಿಗೆ ಹಣ ಕೊಡಬಹುದೆಂಬ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದದ್ದು 2025ರ ಜೂನ್‌ನಲ್ಲಿ. ಹಿಂದೆ ಆಡಿಹೋದವರಿಗೆಂದು ಗೊತ್ತಾದ ಪರಿಹಾರ ಸುಮಾರು 280 ಕೋಟಿ ಡಾಲರ್. 1869ರ ಆ ನೂರು ಪ್ರೇಕ್ಷಕರಿಂದ ಲೆಕ್ಕ ಹಿಡಿದರೆ 156 ವರ್ಷ ಕಾದಂತಾಯಿತು.

ಇನ್ನು ಮೂಲೆಗೆ ಸರಿದಿದ್ದ ಕ್ರಿಕೆಟ್. ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿಯಲ್ಲಿ 2008ರಲ್ಲಿ ಬೇಸ್‌ಬಾಲಿಗೆಂದು ಕಟ್ಟಿದ ಮೈದಾನವೊಂದಿತ್ತು. ಅದನ್ನು ಅಗೆದು, ಮಟ್ಟಮಾಡಿ, ನಡುವೆ ಪಿಚ್ ಹಾಸಿ ಕ್ರಿಕೆಟ್ ಮೈದಾನ ಮಾಡಿದರು. ಆಸನಗಳು ಏಳು ಸಾವಿರದ ಆಸುಪಾಸು; ಅಲ್ಲಿನ ಅಳತೆಗೆ ಅದೊಂದು ಹೈಸ್ಕೂಲು ಮೈದಾನವೂ ಅಲ್ಲ. 2024ರ ಜೂನ್ 6ರಂದು ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಅಲ್ಲಿ ಪಾಕಿಸ್ತಾನವನ್ನು ಎದುರಿಸಿತು. ಎರಡೂ ಕಡೆ 159 ರನ್, ಸೂಪರ್ ಓವರ್‌ನಲ್ಲಿ ಅಮೆರಿಕಕ್ಕೆ ಗೆಲುವು. ಅಂದು 30 ರನ್ನಿಗೆ 3 ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ನೊಸ್ತುಷ್ ಕೆಂಜಿಗೆ. ಚಿಕ್ಕಮಗಳೂರಿನ ಕಾಫಿ ಸೀಮೆಯ ಮನೆತನದವರು. ಪುಟ್ಟ ಮಗುವಾಗಿದ್ದಾಗಲೇ ಕುಟುಂಬದ ಜೊತೆ ಇಲ್ಲಿಗೆ ಬಂದು, ಇಲ್ಲೇ ಓದಿ, ಆಡಿ, ದೊಡ್ಡವರಾದ ಮೇಲೆ ಮತ್ತೆ ಅಮೆರಿಕಕ್ಕೆ ಹೋದವರು. ಅವರು ಹುಟ್ಟಿದ ಊರು ಅಲಬಾಮಾ ರಾಜ್ಯದ ಆಬರ್ನ್. ಅಲ್ಲೊಂದು ವಿಶ್ವವಿದ್ಯಾಲಯವಿದೆ. 2020ರ ಜನಗಣತಿಯಲ್ಲಿ ಊರಿನ ಜನ 76 ಸಾವಿರ. ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದ ಆಸನಗಳು 88 ಸಾವಿರ.